ಹಳೆಯ ನಾಣ್ಯಕ್ಕೆ ಹುಣಸೆಹಣ್ಣು ಬೇಡ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತೆಂದರೆ ಲಕ್ಷ್ಮೀಪೂಜೆಗೆ ಇಡುವ ಹಳೆಯ ನಾಣ್ಯಗಳನ್ನು ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ತಿಕ್ಕಿ ಬೆಳಗಿ ಎಂಬ ಸಲಹೆ ಪತ್ರಿಕೆಗಳ ಮನೆವಾರ್ತೆ ಪುಟಗಳಲ್ಲಿ ಬರುತ್ತದೆ. ಹಿತ್ತಾಳೆ ಚೊಂಬಿಗೆ, ತಾಮ್ರದ ಹಂಡೆಗೆ ಅದು ಸರಿ. ನಾಣ್ಯಕ್ಕೆ, ಅದರಲ್ಲೂ ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿಯಲ್ಲಿರುವ ನಾಣ್ಯಕ್ಕೆ, ಅದು ಕೇಡು.

ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ಶೇ 91.7ರಷ್ಟು ಬೆಳ್ಳಿ, ಉಳಿದದ್ದು ತಾಮ್ರ. ಮೇಲಿನ ಕಪ್ಪು ಕೊಳೆಯಲ್ಲ, ಗಾಳಿಯಲ್ಲಿನ ಗಂಧಕ ಬೆಳ್ಳಿಗೆ ತಗುಲಿ ಆದ ತೆಳುಪದರ. ಹುಣಸೆ ಹುಳಿಗೆ ಅದು ಜಗ್ಗುವುದಿಲ್ಲ. ಹೊಳಪು ಬರುವುದು ಬೂದಿ ಮತ್ತು ನಾರು ಲೋಹವನ್ನೇ ಕೆರೆಯುವುದರಿಂದ. ಐದನೇ ಜಾರ್ಜ್‌ನ 1911ರ ರೂಪಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ: ದೊರೆಯ ನಿಲುವಂಗಿಯ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಆನೆ ಇದೆ. ಸೊಂಡಿಲು ಮೊಟಕಾಗಿ ಅದು ಹಂದಿಯಂತೆ ಕಾಣುತ್ತದೆಂದು ಗುಲ್ಲೆದ್ದು, 1912ರ ನಾಣ್ಯದಲ್ಲಿ ತಿದ್ದಿದರು. ಸಂಗ್ರಾಹಕರು ಹುಡುಕುವುದು ಆ ಪುಟ್ಟ ಆನೆಯನ್ನೇ. ನಾಲ್ಕು ಹಬ್ಬ ತಿಕ್ಕಿದರೆ ಆನೆಯೂ ಇಲ್ಲ, ಹಂದಿಯೂ ಇಲ್ಲ, ನುಣುಪಾದ ಗುಬುಟು ಉಳಿಯುತ್ತದೆ. ತಿಕ್ಕಿದ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೀರುಗಳು ಎದ್ದು ಕಾಣುತ್ತವೆ. ಬಲ್ಲವರು ಒಂದೇ ನೋಟಕ್ಕೆ ಗುರುತಿಸಿ ಬೆಲೆ ಇಳಿಸುತ್ತಾರೆ. ಬೆಳ್ಳಿಯ ಕಪ್ಪನ್ನು ಹಾಗೇ ಬಿಡಿ.

ತಾಮ್ರದ ಕಥೆ ಇನ್ನೂ ಗಂಭೀರ. ಕಾಲಾಣೆ, 1943ರಿಂದ 47ರವರೆಗಿನ ತೂತಿನ ಕಾಸು, ಗೋವೆಯ ಕಡೆಯಿಂದ ಬಂದ ಪೋರ್ಚುಗೀಸರ ತಾಂಗಾ ಇವೆಲ್ಲ ನಮ್ಮ ಕಡೆ ಡಬ್ಬಿಗಟ್ಟಲೆ ಸಿಗುತ್ತವೆ. ಹುಳಿ ಇವುಗಳ ಕಂದು ಪದರವನ್ನು ತಿಂದು ಗುಲಾಬಿ ಬಣ್ಣದ ಹಸಿ ತಾಮ್ರವನ್ನು ಬಯಲು ಮಾಡುತ್ತದೆ. ಹುಳಿಯ ಜೊತೆ ಹಾಕಿದ ಉಪ್ಪು ಅಕ್ಷರಗಳ ಸಂದಿಯಲ್ಲಿ ಉಳಿಯುತ್ತದೆ. ಉಪ್ಪಿನ ಕ್ಲೋರೈಡ್, ಮಳೆಗಾಲದ ತೇವ, ಗಾಳಿ ಮೂರೂ ಸೇರಿದರೆ ತಾಮ್ರವನ್ನು ಒಳಗಿನಿಂದ ಕೊರೆಯುವ ಕಿಲುಬು ಶುರು. ಘಟ್ಟದ ಮೇಲೆ ಶಿರಸಿಯಲ್ಲೂ ತೇವಕ್ಕೆ ಬರವಿಲ್ಲ, ಆದರೆ ಅಲ್ಲಿ ಗಾಳಿಯಲ್ಲಿ ಈ ಉಪ್ಪಿಲ್ಲ.

ಹಸಿರು ಕಂಡ ಕೂಡಲೇ ಗಾಬರಿ ಬೇಡ, ಎರಡು ಬಗೆಯ ಹಸಿರಿದೆ. ಗಟ್ಟಿಯಾಗಿ, ನುಣುಪಾಗಿ ಅಂಟಿಕೊಂಡ ದಟ್ಟ ಹಸಿರು ನಾಣ್ಯಕ್ಕೆ ಕವಚವಿದ್ದಂತೆ, ಅದನ್ನು ಮುಟ್ಟಬಾರದು. ತಿಳಿಹಸಿರಾಗಿ, ಬಿದಿರಿನ ಹಲ್ಲುಕಡ್ಡಿ ತಾಗಿಸಿದರೆ ಹಿಟ್ಟಿನಂತೆ ಉದುರಿ ಕೆಳಗೆ ಸಣ್ಣ ಗುಳಿ ತೋರಿಸುವುದು ರೋಗ. ಅಂಥ ನಾಣ್ಯವನ್ನು ಬೇರೆ ಇಡಿ. ಹಿಟ್ಟನ್ನು ಅದೇ ಕಡ್ಡಿಯಿಂದ ಬಿಡಿಸಿ (ಸೂಜಿ, ಪಿನ್ ಬೇಡ), ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರೇ ಸಾಕು. ಸಮುದ್ರದ ಹತ್ತಿರದ ಬಾವಿ ನೀರು, ನಲ್ಲಿ ನೀರು ಎರಡರಲ್ಲೂ ಕ್ಲೋರೈಡ್ ಇರುವುದರಿಂದ ಅವು ನಡೆಯುವುದಿಲ್ಲ. ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ವಾರ ಬಿಡಬೇಕು. ಒಂದು ಬಟ್ಟಲಿಗೆ ಒಂದೇ ನಾಣ್ಯ. ತಾಮ್ರ, ಬೆಳ್ಳಿ ಒಟ್ಟಿಗೆ ನೆನೆಸಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ.

ಪೂಜೆಯ ಎಣ್ಣೆಜಿಡ್ಡು, ಪ್ಲಾಸ್ಟಿಕ್ ಆಲ್ಬಮ್ಮಿನಿಂದ ನಾಣ್ಯಕ್ಕೆ ಹತ್ತಿದ ಅಂಟುಹಸಿರು ತೆಗೆಯಲು ಶುದ್ಧ ಅಸಿಟೋನ್ ಒಳ್ಳೆಯದು. ಅದು ಲೋಹವನ್ನು ಮುಟ್ಟುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುವುದರಿಂದ ಅದು ಬೇಡ. ಎರಡು ಗಾಜಿನ ಬಟ್ಟಲು ಇಟ್ಟುಕೊಂಡು ಮೊದಲನೆಯದರಲ್ಲಿ ಹತ್ತು ನಿಮಿಷ ಬಿಡಿ. ಆರುವ ಮೊದಲೇ ಎರಡನೆಯದರ ಹೊಸ ಅಸಿಟೋನಿಗೆ ದಾಟಿಸಿ, ಇಲ್ಲವಾದರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ನಂದಾದೀಪ ಇರಕೂಡದು, ಅಸಿಟೋನ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ಯಾವ ನಾಣ್ಯವನ್ನಾದರೂ ಅಂಚು ಹಿಡಿದೇ ಎತ್ತಿ, ಹತ್ತಿಬಟ್ಟೆಯ ಮೇಲಿಟ್ಟು ಮೆಲ್ಲಗೆ ಒತ್ತಿ ತೇವ ತೆಗೆಯಬೇಕು, ಉಜ್ಜಬಾರದು. ನೀರಿನಲ್ಲಿ ಇಟ್ಟದ್ದನ್ನು ಬಲ್ಬಿನ ಬೆಚ್ಚನೆಯಲ್ಲಿ ಗಂಟೆ ಹೊತ್ತು ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು, ಗುಳಿಗಳೊಳಗಿನ ನೀರು ಒಣಗುವುದಿಲ್ಲ.

ಕಾರವಾರದ ಹೆಸರು ನಾಣ್ಯಶಾಸ್ತ್ರದಲ್ಲಿ ಬರುವುದು ಚುಟುಕುಲಾನಂದ, ಮೂಲಾನಂದ ಎಂಬ ಪ್ರಾಚೀನ ಅರಸರ ಹೆಸರಿರುವ ಸೀಸದ ನಾಣ್ಯಗಳಿಂದ. ಸೀಸಕ್ಕೆ ಮೇಲಿನ ಯಾವುದೂ ಸಲ್ಲದು, ಡಿಸ್ಟಿಲ್ಡ್ ನೀರೂ ಅದನ್ನು ಕೊರೆಯುತ್ತದೆ. ಹುಳಿಯ ಆವಿ ಸಾಕು ಬಿಳಿ ಹಿಟ್ಟು ಏಳಲು. ಪ್ಲೈವುಡ್ ಪೆಟ್ಟಿಗೆಯೂ ಅಂಥ ಆವಿ ಬಿಡುತ್ತದೆ. ಆ ಹಿಟ್ಟು ವಿಷ. ಮುಟ್ಟಿದರೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಕರಾವಳಿಯಲ್ಲಿ ತೊಳೆಯುವುದಕ್ಕಿಂತ ಇಡುವ ಬಗೆಯೇ ಮುಖ್ಯ. ಹೊಸ ರೇನ್‌ಕೋಟಿನ ವಾಸನೆಯ ಮೆತ್ತನೆ ಪಿವಿಸಿ ಆಲ್ಬಮ್ ಬಿಟ್ಟು, ಸರಸರ ಸದ್ದಿನ ಗಡಸು ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಲಕೋಟೆ ಬಳಸಿ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿದೆ, ಪತ್ರಿಕೆಯ ಕಾಗದ ಹುಳಿಯುಕ್ತ, ಎರಡೂ ದೂರವಿರಲಿ. ಗಾಳಿಯಾಡದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳು 100 ಗ್ರಾಂ ಹಾಕಿ, ಕಿತ್ತಳೆ ಹರಳುಗಳ ಬಣ್ಣ ಬದಲಾದರೆ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಿ. ಒಳಗಿನ ತೇವಾಂಶ ಶೇ 40ಕ್ಕಿಂತ ಕೆಳಗಿದ್ದರೆ, ತೊಳೆದ ಮೇಲೂ ಉಳಿದ ಕಿಲುಬು ಬೆಳೆಯದೆ ಸುಮ್ಮನಿರುತ್ತದೆ.

ಪೂಜೆಗೆ ಹೊಳೆಯುವ ನಾಣ್ಯವೇ ಬೇಕೆನ್ನುವವರು ಸರಾಫರ ಅಂಗಡಿಯ ಹೊಸ ಬೆಳ್ಳಿ ನಾಣ್ಯವನ್ನು ಎಷ್ಟಾದರೂ ಬೆಳಗಲಿ. ಹಳೆಯದನ್ನು ಲಕೋಟೆ ಸಮೇತ ಕಲಶದ ಪಕ್ಕದಲ್ಲಿಟ್ಟರಾಯಿತು, ಅರಿಶಿನ ಕುಂಕುಮ ಲಕೋಟೆಯ ಮೇಲೆ ಬೀಳಲಿ. ಮುಂದಿನ ಸಲ ಹುಣಸೆಹಣ್ಣಿನ ಸಲಹೆ ಅಚ್ಚಾಗುವಾಗ ‘ಹಳೆಯ ನಾಣ್ಯಗಳಿಗೆ ಅಲ್ಲ’ ಎಂಬ ಒಂದು ಸಾಲು ಸೇರಿಸಬೇಕೆಂದು ತಮ್ಮಲ್ಲಿ ವಿನಂತಿ.

— ನಾಣ್ಯ ಸಂಗ್ರಾಹಕ, ಕಾರವಾರ