ಬಿದ್ದದ್ದನ್ನು ಆಯ್ದವನ ಪತ್ರ

ಪ್ರಿಯ ಗೆಳೆಯ,

ಹಬ್ಬಕ್ಕೆಂದು ಬಾಗಿಲಿಗೆ ನಾನು ಕಟ್ಟಿದ ಎಲೆಸಿಂಬೆಯ, ಅಂದರೆ ಹಸಿರು ಕುಡಿಗಳನ್ನು ಬಳೆಯಾಕಾರಕ್ಕೆ ಸುತ್ತಿದ ಅಲಂಕಾರದ, ಚಿತ್ರವನ್ನು ನೀನು ನೋಡಿದೆ, ಮೆಚ್ಚಿದೆ, ಅದರ ಕೆಳಗೆ "ಈ ಸಲವಾದರೂ ಕೊಡೆ ತೆಗೆದುಕೊಂಡು ಹೋಗಿದ್ದೆಯಾ?" ಎಂದು ಬರೆದು ನಾಲ್ಕು ಜನರನ್ನು ಗೊಂದಲಕ್ಕೆ ಕೆಡವಿದೆ. ಹೋಗಿರಲಿಲ್ಲ. ಆ ಸಂಗತಿ ನಮ್ಮಿಬ್ಬರಲ್ಲೇ ಇರಲಿ. ಆದರೆ ಚಿತ್ರದ ಜೊತೆಗೆ "ಒಂದು ಎಲೆಯನ್ನೂ ಕಿತ್ತಿಲ್ಲ, ಬಿದ್ದದ್ದನ್ನಷ್ಟೇ ಆಯ್ದಿದ್ದೇನೆ" ಎಂದು ಬರೆದಿದ್ದೆನಲ್ಲ, ಅದು ಮುಕ್ಕಾಲು ಪಾಲು ಮಾತ್ರ ನಿಜ.

ಸಿಂಬೆ ಕಟ್ಟುವುದು ಸುಲಭದ ಕೆಲಸವಲ್ಲ. ಗೇಣುದ್ದದ ನಾಲ್ಕೈದು ಕುಡಿಗಳನ್ನು ಸೇರಿಸಿ ಒಂದು ಹಿಡಿ ಮಾಡಿ, ಅದರ ಬುಡವನ್ನು ತೆಳು ತಂತಿಯಿಂದ ಸಿಂಬೆಗೆ ಆಧಾರವಾದ ದುಂಡನೆಯ ಬಳೆಗೆ ಬಿಗಿದು, ಆ ಬುಡ ಮರೆಯಾಗುವಂತೆ ಮುಂದಿನ ಹಿಡಿಯನ್ನು ಇಟ್ಟು, ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ಬರಬೇಕು. ಕೊನೆಯ ಹಿಡಿಯ ಬುಡವನ್ನು ಮೊಟ್ಟಮೊದಲ ಹಿಡಿಯ ತುದಿಯೆತ್ತಿ ಅದರಡಿಗೆ ತೂರಿಸಿದಾಗಲೇ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ತಿಳಿಯದಂತಾಗುವುದು. ನೋಡುವಾಗ ಎರಡು ಟೊಂಗೆ ಸಾಕೆನಿಸುತ್ತದೆ, ಕಟ್ಟುವಾಗ ಹೊರೆಯೇ ಕರಗುತ್ತದೆ. ಗಾಳಿಗೆ ಮುರಿದು ಬಿದ್ದಿದ್ದ ಪೈನ್ ಮತ್ತು ಸೈಪ್ರಸ್ ಟೊಂಗೆಗಳನ್ನು ಚೀಲದ ತುಂಬ ಆಯ್ದು ತಂದಿದ್ದೆ. ಅವೆಲ್ಲ ಮುಗಿದರೂ ಕಾಲು ಭಾಗ ಬಳೆ ಬರಿದಾಗಿಯೇ ಉಳಿದಿತ್ತು.

ಕತ್ತಲಾಗುವ ಹೊತ್ತಿಗೆ ಕತ್ತರಿ ಹಿಡಿದು ಹೊರಟೆ. ದಾರಿಯ ಬದಿಯಲ್ಲಿ ಕೈಗೆಟಕುವಂತಿದ್ದ ಎಳೆಯ ಸೈಪ್ರಸ್ಸೊಂದರ ಒಂದು ಮಗ್ಗುಲನ್ನು, ಯಾರಾದರೂ ಬರುವ ಮೊದಲು ಮುಗಿಯಲಿ ಎಂದು, ಎಲೆಯಿಲ್ಲದ ಕಂದು ಭಾಗದವರೆಗೂ ತರಿದೆ. ತುದಿಯ ಹಸಿರಿನಲ್ಲಿ ಅಲ್ಲೊಂದು ಇಲ್ಲೊಂದು ಕುಡಿ ಕತ್ತರಿಸಿದ್ದರೆ ಮರಕ್ಕೆ ಗೊತ್ತೂ ಆಗುತ್ತಿರಲಿಲ್ಲ. ಹಳೆಯ ಕಂದು ಕೊಂಬೆಯಿಂದ ಸೈಪ್ರಸ್ ಮತ್ತೆ ಚಿಗುರುವುದಿಲ್ಲ ಎಂಬುದನ್ನು ನಾನು ಓದಿದ್ದು ಮರುದಿನ. ಆ ಮಗ್ಗುಲು ಇನ್ನು ಬೋಳಾಗಿಯೇ ಇರುತ್ತದೆ. ಈಗ ಸಂಜೆ ನಡೆಯಲು ಬೇರೆ ದಾರಿ ಹಿಡಿದಿದ್ದೇನೆ.

ಸಿಂಬೆಯೂ ಸಾಕ್ಷಿ ಹೇಳತೊಡಗಿದೆ. ಆಯ್ದು ತಂದ ಕುಡಿಗಳು ಹತ್ತೇ ದಿನದಲ್ಲಿ ಕಂದು ತಿರುಗಿ ಮುಟ್ಟಿದರೆ ಉದುರುತ್ತಿವೆ. ಕತ್ತರಿಸಿ ತಂದು ರಾತ್ರಿಯಿಡೀ ನೀರಿನಲ್ಲಿ ನಿಲ್ಲಿಸಿ ಕಟ್ಟಿದ ಕಾಲು ಭಾಗ ಮಾತ್ರ ಹಸಿರಾಗಿ ಹೊಳೆಯುತ್ತಿದೆ. ಬಂದವರೆಲ್ಲ ಅದನ್ನೇ ತೋರಿಸಿ ಚೆನ್ನಾಗಿದೆ ಎನ್ನುತ್ತಾರೆ.

ನಿಜ ಹೇಳಬೇಕೆಂದರೆ, ಮರಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು "ಒಂದು ಎಲೆಯನ್ನೂ ಕಿತ್ತಿಲ್ಲ" ಎಂಬ ಆ ಸಾಲು, ಏಕೆಂದರೆ ಕತ್ತರಿ ಹಿಡಿದು ಹೊರಡುವ ಮೊದಲೇ ನಾನದನ್ನು ಬರೆದಿಟ್ಟುಕೊಂಡಿದ್ದೆ. ನಿನ್ನ ಕಷ್ಟದ ದಿನಗಳಲ್ಲಿ ಎಲ್ಲರೂ ಓದುವಂತೆ ನಿನಗೆ ಬರೆದ ಆ ಉದ್ದನೆಯ ಪತ್ರ ನೆನಪಿರಬೇಕು. ಅದರ ಸಾಲುಗಳೂ ಹಾಗೆಯೇ, ಮೊದಲು ಸಿದ್ಧವಾದವು. ನಿನಗೆ ಫೋನು ಮಾಡಿದ್ದು ಮೂರನೆಯ ದಿನ. ನೀನು ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಇದನ್ನೂ ಹತ್ತು ಜನರ ಎದುರೇ ಬರೆಯುತ್ತಿದ್ದಾನಲ್ಲ ಎಂದು ನೀನು ನಗುತ್ತಿರಬೇಕು, ನಗು. ಪೈನಿನ ಅಂಟು ಸೋಪಿಗೆ ಜಗ್ಗದೆ ಬೆರಳಿಗೆ ಮೆತ್ತಿಕೊಂಡು, ಎರಡು ದಿನ ನನ್ನ ಫೋನು ನನ್ನ ಗುರುತನ್ನೇ ಒಪ್ಪಲಿಲ್ಲ. ಕೊನೆಗೆ ಎಣ್ಣೆ ಉಜ್ಜಿ ಬಿಡಿಸಿದೆ. ಸಿಂಬೆ ನೋಡಲು ಬರುವುದಾದರೆ ಬೇಗ ಬಾ, ಬಾಗಿಲ ಮುಂದೆ ದಿನಕ್ಕೆರಡು ಸಲ ಗುಡಿಸುತ್ತಿದ್ದೇನೆ. ಕೊಡೆಯನ್ನು ನಾನೇ ತರುತ್ತೇನೆ.

ನಿನ್ನ,
ಮುಕ್ಕಾಲು ಪಾಲಿನ ಗೆಳೆಯ