ಮಗುವಿನ ತೂಕವನ್ನೂ ಹಲ್ಲನ್ನೂ ಒಟ್ಟಿಗೆ ನೋಡಿ: ಬೃಹನ್ಮುಂಬಯಿ ಮಹಾನಗರಪಾಲಿಕೆಯ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಸಾಯನ್ ಭಾಗದ ಚಾಳೊಂದರಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕನ್ನಡ ಪಾಠ ಹೇಳಿಕೊಡುವವಳು ನಾನು. ಅಲ್ಲಿಗೆ ಬರುವ ಏಳು ವರ್ಷದ ಹುಡುಗಿಯೊಬ್ಬಳು ಜೋಳದ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ, ಬಲಗಡೆಯ ದವಡೆಯಲ್ಲಷ್ಟೇ ಮೆಲ್ಲನೆ ಅಗಿಯುತ್ತಿದ್ದುದು ದಿನವೂ ಕಣ್ಣೆದುರಿಗಿದ್ದರೂ ನನಗೆ ಅದರ ಅರ್ಥವಾಗಿರಲಿಲ್ಲ. ಮಗಳು ಮೈ ಹಿಡಿಯುತ್ತಿಲ್ಲವೆಂದು ತಾಯಿ ಟಾನಿಕ್ ಕುಡಿಸಿದರು, ಹಾಲಿಗೆ ಇನ್ನಷ್ಟು ಸಕ್ಕರೆ ಬೆರೆಸಿದರು. ಒಂದು ದಿನ ಎಡಗೆನ್ನೆ ಊದಿಕೊಂಡಾಗ ಬಾಯಿ ತೆರೆಸಿ ನೋಡಿದರೆ, ಆರನೇ ವರ್ಷಕ್ಕೆ ಬಂದಿದ್ದ ದವಡೆ ಹಲ್ಲಿನಲ್ಲಿ ಕಪ್ಪಗೆ ಕುಳಿ ಬಿದ್ದಿತ್ತು. ಅದು ಹಾಲುಹಲ್ಲಲ್ಲ, ಹೋದರೆ ಮತ್ತೆ ಬರುವುದಿಲ್ಲ ಎಂಬುದು ಆ ತಾಯಿಗೆ ಅಂದೇ ತಿಳಿದದ್ದು. ಚಿಕಿತ್ಸೆಯಾದ ಮೇಲೆ ಹುಡುಗಿ ಒಣ ರೊಟ್ಟಿಯನ್ನೇ ಕಡಿದು ತಿನ್ನತೊಡಗಿದಳು.

ಮೈತೂಕಕ್ಕೂ ಹುಳುಕು ಹಲ್ಲಿಗೂ ಇರುವ ನಂಟು ಒಂದೇ ದಿಕ್ಕಿನದಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲವನ್ನು ಉಂಟುಮಾಡುತ್ತವೆ, ಆಮ್ಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲನ್ನು ಕರಗಿಸುತ್ತದೆ. ಎಷ್ಟು ಸಕ್ಕರೆ ತಿಂದೆವು ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅದೇ ಬಿಸ್ಕತ್ತು, ಅದೇ ತಂಪು ಪಾನೀಯ ಒಂದು ಮಗುವಿನಲ್ಲಿ ಬೊಜ್ಜನ್ನು ಬೆಳೆಸಿದರೆ, ಹುಳುಕು ಮಿತಿಮೀರಿದ ಇನ್ನೊಂದು ಮಗು ನೋವಿನಿಂದ ಊಟ ಬಿಟ್ಟು, ನಿದ್ದೆಗೆಟ್ಟು ಸೊರಗುತ್ತದೆ. ಅಧ್ಯಯನಗಳೂ ಒಮ್ಮೆ ದಪ್ಪ ಮಕ್ಕಳಲ್ಲಿ, ಒಮ್ಮೆ ತೆಳ್ಳಗಿನ ಮಕ್ಕಳಲ್ಲಿ ಹೆಚ್ಚು ಹುಳುಕನ್ನು ಕಂಡಿವೆ. ಹೀಗಿರುವಾಗ ತೂಕ ಸರಿಯಿದೆ ಎಂದಮಾತ್ರಕ್ಕೆ ಬಾಯಿಯೂ ಸರಿಯಿದೆ ಎಂದು ತಿಳಿಯಲಾಗದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತೂಕ ಮತ್ತು ಹುಳುಕು ಎರಡನ್ನೂ ಮುಂದಿಟ್ಟುಕೊಂಡೇ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆಯಿರಬೇಕು, ಶೇ 5ಕ್ಕಿಳಿದರೆ ಇನ್ನೂ ಒಳ್ಳೆಯದು ಎಂದು ಹೇಳಿತು.

2013ರಲ್ಲಿ ನಮ್ಮ ಪಕ್ಕದ ಪಾಲ್ಘರ್‌ನಲ್ಲೇ ಆರಂಭಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಹಲ್ಲಿನ ತೊಂದರೆಗಳೂ ಸೇರಿವೆ. ನನ್ನ ಬೇಡಿಕೆ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ವಯಸ್ಸಿಗೆ ತಕ್ಕ ತೂಕವಿಲ್ಲದ ಅಥವಾ ತೂಕ ಮೀರಿದ ಮಗು ಕಂಡಾಗ, ಆಹಾರದ ಸಲಹೆ ಕೊಡುವ ಮೊದಲು ಅದರ ಬಾಯಿಯನ್ನು ತಪ್ಪದೆ ಪರೀಕ್ಷಿಸಬೇಕು, ಎರಡೂ ವಿವರಗಳನ್ನು ಒಂದೇ ಪುಟದಲ್ಲಿ ಬರೆಯಬೇಕು. ಪಾಲಿಕೆಯದೇ ಆದ ನಾಯರ್ ದಂತ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಪಾಲಿಕೆಯ ಶಾಲೆಗಳಿಗೆ ಸರದಿಯಂತೆ ಬರುವುದಾದರೆ ಇದಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಯೋಜನೆಯೂ ಬೇಡ.

ಇನ್ನೊಂದು ಮಾತು. ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ಇಂದಿಗೂ ನಡೆಸುತ್ತಿದೆ. ಅದಕ್ಕೆ ನಾವು ಋಣಿಗಳು. ತಪಾಸಣೆಯ ಬಳಿಕ ಮನೆಗೆ ಹೋಗುವ ಚೀಟಿಯೂ ಆ ಮಕ್ಕಳ ತಾಯಂದಿರು ಓದಬಲ್ಲ ಕನ್ನಡದಲ್ಲೇ ಇರಲಿ. ಯಾವ ಹಲ್ಲು, ಎಲ್ಲಿಗೆ ಕರೆದೊಯ್ಯಬೇಕು, ಯಾವಾಗ ಕರೆದೊಯ್ಯಬೇಕು ಎಂಬ ಮೂರು ಸಾಲು ಸಾಕು. ಬರುವ ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಇಷ್ಟನ್ನು ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕಿ, ಮುಂಬಯಿ