ಕಾರವಾರದ ಮಾಣಿಗೆ, ಸೈಕಲ್ ಕೊಳ್ಳುವ ಮುಂಚೆ

ಶಿರಸಿ
ಭಾನುವಾರ ಮಧ್ಯಾಹ್ನ

ಚಿ. ಮಾಣಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕೊನೆಕೊಯ್ಲು ಶುರುವಾಗಿದೆ. ಅಂಗಳದ ತುಂಬ ಅಡಕೆ, ಕಾಲಿಡಲು ಜಾಗವಿಲ್ಲ. ನಿನ್ನ ಆಯಿ ಸುಲಿಯುವ ಕೆಲಸಕ್ಕೆ ಕೈಜೋಡಿಸಲು ಬಂದು ನಾಲ್ಕು ದಿನ ಇದ್ದು ಹೋದಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ ಎಂಬುದು ಅವಳ ಚಿಂತೆ. ಅದನ್ನು ನಿಮ್ಮಿಬ್ಬರಿಗೇ ಬಿಡುತ್ತೇನೆ.

ನಿನ್ನೆ ರಾತ್ರಿ ಫೋನಿನಲ್ಲಿ ಎರಡು ವಿಷಯ ಹೇಳಿದೆ. ಸಾಲ ಮಾಡಿಯಾದರೂ ಕಾರ್ಬನ್ ಫ್ರೇಮಿನ ಸೈಕಲ್ ತೆಗೆದುಕೊಳ್ಳುತ್ತೇನೆ, ಹೇಗೆ ಎಂದು ಕೇಳಿದೆ. ಇನ್ನೊಂದನ್ನು ನಗುನಗುತ್ತ ಹೇಳಿದೆ. ಬೆಳಿಗ್ಗೆ ನೀವು ಏಳೆಂಟು ಜನ ಕೋಡಿಬಾಗದ ರಸ್ತೆಯಲ್ಲಿ ಹೋಗುವಾಗ, ಹಳೇ ಕಬ್ಬಿಣದ ಸೈಕಲ್ಲಿಗೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡಿದ್ದ ಮುದುಕ ಅಡ್ಡ ಬಂದ, ಎಲ್ಲರೂ ಸೇರಿ ಒದರಿದೆವು, ಗಾಬರಿಯಾಗಿ ರಸ್ತೆ ಬಿಟ್ಟು ಮಣ್ಣಿಗೆ ಇಳಿದ ಎಂದೆ. ನಾನು ಆಗ ಏನೂ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ನನಗೆ ಈ ಎರಡೂ ಒಂದೇ ವಿಷಯವಾಗಿ ಕಾಣುತ್ತವೆ. ಯಾಕೆ ಎಂದು ಬರೆದು ತಿಳಿಸುತ್ತೇನೆ, ಪೂರ್ತಿ ಓದು.

ಮೊದಲು ಸೈಕಲ್ಲಿನ ಮಾತು. ಐಟಿಐಯಲ್ಲಿ 31 ವರ್ಷ ಬೆಸುಗೆ ಕಲಿಸಿದವನು ನಾನು, ಲೋಹದ ಬಗ್ಗೆ ಹೇಳಲು ಕೂತರೆ ಪುಟ ಸಾಲುವುದಿಲ್ಲ. ಬೇಕಾದಷ್ಟೇ ಹೇಳುತ್ತೇನೆ.

ನಿನ್ನ ಗೆಳೆಯರು ಕಬ್ಬಿಣ ಎಂದು ಮೂಗು ಮುರಿಯುತ್ತಾರಲ್ಲ, ಅದು ಒಂದೇ ಬಗೆಯದಲ್ಲ. ಆ ಅಜ್ಜನ ಸೈಕಲ್ಲಿನದು ಸಾದಾ ಉಕ್ಕು. ನಳಿಕೆ ದಪ್ಪ, ಎಲ್ಲ ಸೇರಿ 20 ಕಿಲೋ ಹತ್ತಿರ ತೂಗುತ್ತದೆ. ಆದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು ಬೇರೆಯೇ ಜಾತಿ. 4130 ಎಂದು ಅದರ ನಂಬರು, ಕ್ರೋಮೋಲಿ ಎಂದು ಕರೆಯುತ್ತಾರೆ. ಬಲ ಜಾಸ್ತಿ ಇರುವುದರಿಂದ ನಳಿಕೆಯನ್ನು ತೆಳುವಾಗಿಸಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರೆನಾಲ್ಡ್ಸ್ ಎಂಬುವರು 1897ರಲ್ಲೇ, ಬೆಸುಗೆ ಬೀಳುವ ಎರಡು ತುದಿಗಳಲ್ಲಿ ದಪ್ಪವಾಗಿ ನಡುವೆ ತೆಳ್ಳಗಿರುವ ನಳಿಕೆಗೆ ಪೇಟೆಂಟ್ ಪಡೆದಿದ್ದರು. 1935ರಲ್ಲಿ ಅವರದೇ ಕಂಪನಿ 531 ಎಂಬ ಉಕ್ಕು ತಂದಿತು. ಮುಂದೆ ಎಷ್ಟೋ ದಶಕ ದೊಡ್ಡ ದೊಡ್ಡ ರೇಸುಗಳನ್ನು ಗೆದ್ದದ್ದು ಆ ಕಬ್ಬಿಣವೇ.

ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಮೂರನೇ ಒಂದು ಪಾಲು. ಬಾಗದೆ ಬಿಗಿಯಾಗಿ ನಿಲ್ಲುವ ಗುಣವೂ ಹೆಚ್ಚುಕಡಿಮೆ ಮೂರನೇ ಒಂದು ಪಾಲೇ. ಹಾಗಾಗಿ ಅದರ ನಳಿಕೆಯನ್ನು ದೊಡ್ಡದು ಮಾಡುತ್ತಾರೆ. ಗೋಡೆಯ ದಪ್ಪ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದರೆ ನಳಿಕೆ ಎಂಟು ಪಟ್ಟು ಬಿಗಿಯಾಗುತ್ತದೆ. ಹೊಸ ಸೈಕಲ್ಲುಗಳ ನಳಿಕೆ ಬಾಳೆದಿಂಡಿನ ಹಾಗೆ ಕಾಣುವುದು ಇದೇ ಕಾರಣಕ್ಕೆ. ಅದಕ್ಕಿರುವ ಕೊರತೆ ಇನ್ನೊಂದು. ಉಕ್ಕಿಗೆ ಒಂದು ಮಿತಿ ಇದೆ, ಆ ಮಿತಿಯೊಳಗಿನ ಕುಲುಕಾಟವನ್ನು ಎಷ್ಟು ಲಕ್ಷ ಸಲ ಕೊಟ್ಟರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಸಣ್ಣ ಕುಲುಕಾಟವೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಅದು ಗೊತ್ತಿರುವ ತಯಾರಕರು ಫ್ರೇಮನ್ನು ಬೇಕಾದ್ದಕ್ಕಿಂತ ಬಲವಾಗಿಯೇ ಮಾಡಿರುತ್ತಾರೆ, ಹೆದರಬೇಡ. ಆದರೆ ಮುರಿದರೆ ನಮ್ಮೂರಿನ ವೆಲ್ಡಿಂಗ್ ಶಾಪಿನಲ್ಲಿ ಹಚ್ಚಿಸಬೇಡ. ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ. ಮತ್ತೆ ಹದಕ್ಕೆ ತರಲು ಕುಲುಮೆ ಬೇಕು, ಅದು ಅವರ ಹತ್ತಿರ ಇರುವುದಿಲ್ಲ. ಉಕ್ಕಾದರೆ ಹಿತ್ತಾಳೆ ಕಡ್ಡಿ ಇಟ್ಟು ನಾನೇ ಬ್ರೇಜಿಂಗ್ ಮಾಡಿಕೊಟ್ಟೇನು.

ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಸಮುದ್ರದ ಗಾಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಲೆ ಕೇಳಿದರೆ ನೀನೇ ಸುಮ್ಮನಾಗುತ್ತೀಯ, ಮುಂದೆ ಹೋಗೋಣ.

ಕಾರ್ಬನ್ನಿನ ಬಗ್ಗೆ ನಿನಗೆ ಮನೆಯಲ್ಲೇ ಸಾಕ್ಷಿ ಇದೆ. ನಮ್ಮ ತೋಟಕ್ಕೆ ಕಾರ್ಬನ್ ಫೈಬರ್ ದೋಟಿ ತಂದಾಗ ನೀನೂ ಎತ್ತಿ ನೋಡಿದ್ದೆ. ಆ ಉದ್ದಕ್ಕೆ ಆ ಹಗುರ ನೋಡಿ ನನಗೂ ಆಶ್ಚರ್ಯವಾಗಿತ್ತು. ಒಂದು ದಿನ ಕೈಜಾರಿ ಅದು ಕಾಲುವೆಯ ಕಲ್ಲಿನ ಮೇಲೆ ಬಿತ್ತು. ತಿರುಗಿಸಿ ತಿರುಗಿಸಿ ನೋಡಿದೆ, ಒಂದು ಗೀರು ಬಿಟ್ಟರೆ ಏನೂ ಕಾಣಲಿಲ್ಲ. ಮೂರನೇ ದಿನ ಕೊನೆ ಇಳಿಸುವಾಗ ಸರಿಯಾಗಿ ಅದೇ ಜಾಗದಲ್ಲಿ ಲಟ್ಟೆಂದು ಮುರಿಯಿತು. ಕಾರ್ಬನ್ನಿನ ಸ್ವಭಾವವೇ ಹಾಗೆ. ಯಾವ ದಿಕ್ಕಿನ ಭಾರಕ್ಕೆಂದು ಎಳೆ ಹಾಸಿರುತ್ತಾರೋ ಆ ದಿಕ್ಕಿನಲ್ಲಿ ಉಕ್ಕಿಗೂ ಮಿಗಿಲು, ಅಡ್ಡ ಏಟು ಬಿದ್ದರೆ ಒಳಗಿನ ಪದರ ಬಿಡುತ್ತದೆ, ಮೇಲೆ ಬಣ್ಣ ಹಾಗೆಯೇ ಇರುತ್ತದೆ. ಉಕ್ಕು ಬಾಗುತ್ತದೆ, ಕಿರುಗುಟ್ಟುತ್ತದೆ, ಬಣ್ಣ ಬಿರಿದು ತುಕ್ಕಿನ ಗೆರೆ ತೋರಿಸುತ್ತದೆ. ಕಾರ್ಬನ್ ಹೆಚ್ಚಾಗಿ ಮುನ್ಸೂಚನೆ ಕೊಡುವುದಿಲ್ಲ. ಹಾಗಾಗಿ ಬಿದ್ದಾಗಲೆಲ್ಲ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಸೀಟ್ ಪೋಸ್ಟಿನ, ಅಂದರೆ ಸೀಟು ಕೂರುವ ನಳಿಕೆಯ, ಬೋಲ್ಟನ್ನು ಅಂದಾಜಿಗೆ ಬಿಗಿಯುವಂತಿಲ್ಲ, ಎಷ್ಟು ಬಿಗಿಯಾಯಿತೆಂದು ತೋರಿಸುವ ಅಳತೆಯ ಸ್ಪ್ಯಾನರ್ ಬೇಕು.

ಇಷ್ಟಕ್ಕೂ ಉಳಿಯುವುದೆಷ್ಟು ನೋಡು. ಒಳ್ಳೆಯ ಅಲ್ಯೂಮಿನಿಯಂ ಫ್ರೇಮಿಗೂ ಕಾರ್ಬನ್ ಫ್ರೇಮಿಗೂ ಸುಮಾರು ಅರ್ಧ ಕಿಲೋ ವ್ಯತ್ಯಾಸ. ನೀನು ಹೊತ್ತೊಯ್ಯುವ ಒಂದು ಲೀಟರ್ ನೀರೇ ಒಂದು ಕಿಲೋ. ಆ ಅರ್ಧ ಕಿಲೋಗೆ ಮೂರು ವರ್ಷ ಬಡ್ಡಿ ಕಟ್ಟಬೇಡ. ಮೈಕೈ ನೋವು ಕಡಿಮೆಯಾಗಬೇಕಾದರೆ ಫ್ರೇಮಿಗಿಂತ ಟೈರು ನೋಡು. 32 ಮಿಲಿಮೀಟರ್ ಟೈರು ಹಿಡಿಯುವ ಫ್ರೇಮ್ ತೆಗೆದುಕೊಂಡು ಗಾಳಿ ಸ್ವಲ್ಪ ಕಡಿಮೆ ಹಾಕಿಕೋ, ಘಟ್ಟದ ರಸ್ತೆಯ ಹೊಂಡಗಳಿಗೆ ಅದೇ ಮದ್ದು.

ನನಗೆ ಉಕ್ಕಿನ ಮೇಲೆ ಪ್ರೀತಿ. ಆದರೂ ನಿನಗೆ ಅಲ್ಯೂಮಿನಿಯಂ ತಗೋ ಎನ್ನುತ್ತೇನೆ. ನಿನ್ನ ರೂಮು ಸಮುದ್ರಕ್ಕೆ ಹತ್ತಿರ, ಸೈಕಲ್ ಹೊರಗಿನ ಪಡಸಾಲೆಯಲ್ಲಿ ನಿಲ್ಲುತ್ತದೆ, ಉಪ್ಪುಗಾಳಿ ಹಗಲೂ ರಾತ್ರಿ ಬಡಿಯುತ್ತದೆ. ಮಳೆಗಾಲದಲ್ಲಿ ಸೀಟ್ ಪೋಸ್ಟಿನ ಸಂದಿಯಿಂದ ಇಳಿದ ನೀರು ಪೆಡಲ್ ಅಚ್ಚಿನ ಗೂಡಿನಲ್ಲಿ ನಿಂತು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಉಕ್ಕು ಇಟ್ಟುಕೊಂಡವನು ವರ್ಷಕ್ಕೆರಡು ಸಲ ಅದನ್ನು ಬಿಚ್ಚಿ, ಒಣಗಿಸಿ, ಒಳಗೆ ಎಣ್ಣೆ ಸವರಬೇಕು. ಈಗ ನಿನ್ನ ಕೆಲಸದ ಹೊತ್ತಿನಲ್ಲಿ ಅದಾಗದು. ಅಲ್ಯೂಮಿನಿಯಂ ಇದ್ದರೂ ಆರು ತಿಂಗಳಿಗೊಮ್ಮೆ ಸೀಟ್ ಪೋಸ್ಟ್ ಎಳೆದು ಗ್ರೀಸು ಹಚ್ಚು. ಉಪ್ಪುನೀರು ಹೊಕ್ಕರೆ ಎರಡು ಲೋಹ ಒಂದನ್ನೊಂದು ಹಿಡಿದು ಸುತ್ತಿಗೆಗೂ ಬಗ್ಗುವುದಿಲ್ಲ.

ಈಗ ಆ ಅಜ್ಜನ ಮಾತು.

ಅವನ ಸೈಕಲ್ 20 ಕಿಲೋ ಎಂದೆ. ಹಿಂದಿನ ಕ್ಯಾರಿಯರಿನಲ್ಲಿ ಮೀನು, ಐಸು ಸೇರಿ 40 ಕಿಲೋ ಅಂದುಕೋ. ಬ್ರೇಕು ರಾಡಿನದು, ಕಬ್ಬಿಣದ ರಿಮ್ಮಿಗೆ ರಬ್ಬರ್ ಒತ್ತುವಂಥದ್ದು. ಐಸಿನ ನೀರು ತೊಟ್ಟಿಕ್ಕಿ ರಿಮ್ ಒದ್ದೆಯಾಗಿದ್ದರೆ ಆ ಬ್ರೇಕು ಹಿಡಿಯುವುದೇ ಇಲ್ಲ. ಹ್ಯಾಂಡಲ್ ಥಟ್ಟನೆ ತಿರುಗಿಸಿದರೆ ಹಿಂದಿನ ಭಾರ ಅವನನ್ನೇ ಎಳೆದು ಕೆಡವುತ್ತದೆ. ನಿಂತರೆ ಮತ್ತೆ ಹೊರಡಿಸಲು ಆ ವಯಸ್ಸಿನಲ್ಲಿ ಎಷ್ಟು ದಮ್ಮು ಬೇಕು ಎಣಿಸು. ನಿನ್ನದು ಹತ್ತು ಕಿಲೋ, ಎರಡು ಬೆರಳಿನಲ್ಲಿ ಒತ್ತಿದರೆ ನಿಲ್ಲುವ ಡಿಸ್ಕ್ ಬ್ರೇಕು, ಇಪ್ಪತ್ತನಾಲ್ಕರ ಕಾಲು. ಅಲ್ಲಿ ನಿಲ್ಲಬೇಕಾದವರು ಯಾರು?

ರಸ್ತೆಯಲ್ಲಿ ನಾನು ನಂಬಿಕೊಂಡು ಬಂದ ಲೆಕ್ಕ ಇದೊಂದೇ, ಮಾಣಿ. ಯಾರಿಗೆ ನಿಲ್ಲುವುದು, ನಿಂತು ಹೊರಡುವುದು ಸುಲಭವೋ ಅವರು ನಿಲ್ಲಬೇಕು. ದೇವಿಮನೆ ಘಟ್ಟದಲ್ಲಿ ಇಕ್ಕಟ್ಟಾದ ಕಡೆ ಏರುತ್ತಿರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕೆಂದು ಸರ್ಕಾರದ ನಿಯಮವೇ ಇದೆ. ಅದರ ಹಿಂದಿನ ಕಾರಣವೂ ಇಷ್ಟೇ. ಅರ್ಧ ಏರಿನಲ್ಲಿ ನಿಂತ ಲೋಡ್ ಲಾರಿಯನ್ನು ಮತ್ತೆ ಎಬ್ಬಿಸುವ ಕಷ್ಟ ಅದನ್ನು ಓಡಿಸಿದವನಿಗೇ ಗೊತ್ತು. ಹಾಗಾಗಿ ಲಾರಿ ದೊಡ್ಡದು, ನಾನು ಚಿಕ್ಕವನು, ಅದೇ ನಿಲ್ಲಲಿ ಎಂದು ಹಟ ಹಿಡಿಯಬೇಡ. ತಲೆ ಮೇಲೆ ಬುಟ್ಟಿ ಇದ್ದವರು, ಕೋಲು ಊರಿಕೊಂಡವರು, ಮಗುವಿನ ಕೈ ಹಿಡಿದವರು ಎದುರಾದರೆ ಲೆಕ್ಕ ತಿರುಗುತ್ತದೆ. ಅಲ್ಲಿ ನೀನೇ ನಿಲ್ಲಬೇಕಾದವನು.

ಇದನ್ನು ನಾನು ಕಲಿತದ್ದು ಒಳ್ಳೆಯ ರೀತಿಯಲ್ಲಿ ಅಲ್ಲ. ನಿನ್ನ ಆಯಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಆಗ ನಾನೂ ನಿನ್ನ ವಯಸ್ಸಿನವನು, ಅಂಕೋಲೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮೇ ತಿಂಗಳು, ಇಶಾಡು ಮಾವಿನ ಹಣ್ಣಿನ ಕಾಲ. ಅಜ್ಜನ ಮನೆಯ ಕರೀ ಸೈಕಲ್ ಹತ್ತಿ ಪೇಟೆಯ ಇಳಿಜಾರಿನಲ್ಲಿ ಜೋರಾಗಿ ಬರುತ್ತಿದ್ದೆ. ಮುಂದೆ ಒಬ್ಬಳು ಹಾಲಕ್ಕಿ ಹೆಂಗಸು, ಕೊರಳ ತುಂಬ ಮಣಿಸರ, ತಲೆ ಮೇಲೆ ಹಣ್ಣಿನ ಬುಟ್ಟಿ. ಪೂರಾ ಹತ್ತಿರ ಹೋಗಿ ಬೆಲ್ ಬಾರಿಸಿದೆ. ಬೆಚ್ಚಿ ಬದಿಗೆ ಹಾರಿದಳು, ಬುಟ್ಟಿ ಬಿತ್ತು. ನಾನು ನಿಲ್ಲಿಸಲಿಲ್ಲ. ‘ಕಣ್ಣು ಕಾಣ್ಸದಿಲ್ವಾ’ ಎಂದು ಕೂಗಿಯೇ ಮುಂದೆ ಹೋದೆ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅವಳು ಚರಂಡಿಯ ಬದಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಣ್ಣು ಹೆಕ್ಕಿ ಸೆರಗಿಗೆ ಒರೆಸುತ್ತಿದ್ದಳು. ಒಡೆದದ್ದನ್ನು ಬೇರೆ ಇಡುತ್ತಿದ್ದಳು. ನನ್ನನ್ನು ಬೈಯಲೂ ಇಲ್ಲ. ವಾಪಸು ಹೋಗಿ ಹೆಕ್ಕಿಕೊಡಲು ನೂರು ಹೆಜ್ಜೆಯೂ ಇರಲಿಲ್ಲ. ಹೋಗಲಿಲ್ಲ. ಈಗಲೂ ಮನೆಗೆ ಇಶಾಡಿನ ಹಣ್ಣು ಬಂದರೆ ಮೊದಲ ಹಣ್ಣು ಗಂಟಲಲ್ಲಿ ಇಳಿಯುವುದು ಕಷ್ಟ. ನಿನ್ನ ಅತ್ತೆ ಹಲವು ಸಲ ಕೇಳಿದ್ದಾಳೆ, ಯಾಕೆ ಎಂದು.

ಆ ಅಜ್ಜ ಮಣ್ಣಿಗೆ ಇಳಿದ ಎಂದು ನೀನು ಹೇಳಿದಾಗ ನನಗೆ ಕಂಡದ್ದು ಅವಳೇ.

ಬೆಲ್ ಇರುವುದು ಬೈಯುವುದಕ್ಕಲ್ಲ. ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲೇ ಒಂದು ಸಲ ಮೆಲ್ಲಗೆ ಹೊಡಿ, ಅವರು ತಿರುಗಿ ನೋಡುವಷ್ಟು ಹೊತ್ತು ಕೊಡು. ನೋಡದಿದ್ದರೆ ಕಿವಿ ಮಂದ ಇರಬಹುದು, ವೇಗ ಇಳಿಸಿ ಬಲಗಡೆಯಿಂದ ದೂರ ಬಿಟ್ಟು ದಾಟು. ದಾಟುವಾಗ ಒಂದು ಮಾತು ಆಡು. ಕಾರವಾರದ ಕಡೆ ಕೊಂಕಣಿಯಲ್ಲಿ ನಾಲ್ಕು ಮಾತು ಕಲಿತುಕೋ, ಮೀನು ಮಾರುವ ಬಾಯಿಯರು ಮರುದಿನದಿಂದ ನಿನ್ನ ಗುರುತು ಹಿಡಿಯುತ್ತಾರೆ. ಹೆದ್ದಾರಿ 66ರಲ್ಲಿ ಗುಂಪಾಗಿ ಹೋಗುವಾಗ ಒಬ್ಬರ ಹಿಂದೆ ಒಬ್ಬರು ಹೋಗಿ. ಮಾತಾಡಬೇಕೆನಿಸಿದರೆ ನಿಂತು ಚಾ ಕುಡಿಯುತ್ತ ಮಾತಾಡಿ. ಬಿಣಗಾ ಕಡೆಯ ಸುರಂಗಕ್ಕೆ ಹಿಂದುಗಡೆ ಕೆಂಪು ದೀಪ ಇಲ್ಲದೆ ಹೊಗಲೇಬೇಡ. ಸೈಕಲ್ ಜೊತೆ ಬರುವ ಕೆಂಪು ರಿಫ್ಲೆಕ್ಟರನ್ನು ಚೆಂದ ಕಾಣುವುದಿಲ್ಲ ಎಂದು ಕಿತ್ತು ಎಸೆಯುತ್ತಾರೆ ಕೆಲವರು. ಹಾಗೆ ಮಾಡಬೇಡ, ಇದು ಮಾತ್ರ ನನ್ನ ಆಣೆ.

ಬಸ್ಸಿನವನು ಮೈಗೆ ತಾಗುವಂತೆ ದಾಟಿಸಿದರೆ ಸಿಟ್ಟು ಬರುತ್ತದೆ, ನನಗೂ ಬರುತ್ತಿತ್ತು. ತಪ್ಪು ಅವನದೇ. ಆದರೂ ಅಟ್ಟಿಸಿಕೊಂಡು ಹೋಗಿ ಬಾಗಿಲು ಬಡಿಯಬೇಡ. ನಂಬರು, ಹೊತ್ತು ಬರೆದುಕೊಂಡು ಡಿಪೋಗೆ ಹೋಗಿ ಶಾಂತವಾಗಿ ಹೇಳು. ಆ ಬಸ್ಸಿನೊಳಗೂ ನಮ್ಮದೇ ಊರಿನ ಜನ ಇರುತ್ತಾರೆ.

ಯಾರಾದರೂ ಬಿದ್ದದ್ದು ಕಂಡರೆ, ಯಾರ ತಪ್ಪೇ ಇರಲಿ, ನಿಲ್ಲು. ಪೊಲೀಸ್ ಕೇಸು, ಕೋರ್ಟು ಎಂದು ಹೆದರುವ ಕಾಲ ಹೋಯಿತು. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡಲು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮನ್ನೇ ಸೇರಿಸಿದ್ದಾರೆ. 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಬರುವ ತನಕ ಜೊತೆಗಿರು. 2024ರ ಆಗಸ್ಟ್ 7ರ ನಡುರಾತ್ರಿ ನಿಮ್ಮ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ಹೊಳೆಗೆ ಬಿದ್ದಾಗ, ಕತ್ತಲಲ್ಲಿ ಆ ಚಾಲಕನನ್ನು ದಡಕ್ಕೆ ತರಲು ಮುಂದಾದವರಲ್ಲಿ ಅಲ್ಲಿನ ಮೀನುಗಾರರಿದ್ದರು. ಯಾವ ಊರಿನವನು, ಯಾರ ಲಾರಿ ಎಂದು ಕೇಳುತ್ತ ನಿಂತಿರಲಿಲ್ಲ. ನೀನು ಒದರಿದ ಅಜ್ಜ ಅಂಥವರ ಪೈಕಿಯವನು.

ಮುಂದಿನ ಭಾನುವಾರ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ನಿಂತುಕೋ. ಮೀನು ಮಾರುವವನು ದಿನಾ ಒಂದೇ ಹೊತ್ತಿಗೆ ಹೋಗುತ್ತಾನೆ, ಸಿಕ್ಕೇ ಸಿಗುತ್ತಾನೆ. ಸೈಕಲ್ಲಿನಿಂದ ಇಳಿದು ತಪ್ಪಾಯಿತು ಎಂದು ಹೇಳು. ನಿನ್ನ ಗೆಳೆಯರು ಬಂದರೆ ಸರಿ, ಬರದಿದ್ದರೆ ಒಬ್ಬನೇ ಹೋಗು. ಅವನು ಏನೂ ಹೇಳದೆ ಮುಂದೆ ಹೋದರೂ ಬೇಸರ ಮಾಡಿಕೊಳ್ಳಬೇಡ. ನನಗಂತೂ ಆ ಹೆಂಗಸು ಮತ್ತೆ ಸಿಗಲಿಲ್ಲ. ಮೂರು ಸಲ ಅಂಕೋಲೆ ಸಂತೆಗೆ ಹೋಗಿ ಹುಡುಕಿದ್ದೇನೆ.

ಸೈಕಲ್ ಕೊಂಡ ಮೇಲೆ ಅದನ್ನು ಬಸ್ಸಿಗೆ ಹಾಕಿಕೊಂಡೇ ಬಾ, ಮೊದಲ ಸಲವೇ ಘಟ್ಟ ಹತ್ತುವ ಸಾಹಸ ಬೇಡ. ಇಲ್ಲಿ ಬೋಲ್ಟೆಲ್ಲ ಒಮ್ಮೆ ಬಿಚ್ಚಿ ಗ್ರೀಸು ಹಚ್ಚಿ ಕೊಡುತ್ತೇನೆ. ಅತ್ತೆ ಬಾಳೆಕಾಯಿ ಚಿಪ್ಸ್ ಕರಿದು ಡಬ್ಬಿ ತುಂಬಿಟ್ಟಿದ್ದಾಳೆ. ಅಂಗಡಿಗೆ ಹೋದಾಗ ಸೀಟ್ ಪೋಸ್ಟಿನ ವ್ಯಾಸ ಎಷ್ಟು ಮಿಲಿಮೀಟರ್ ಎಂದು ಬರೆದುಕೊಂಡು ನನಗೆ ತಿಳಿಸು, ಒಳಗೆ ನೀರು ಇಳಿಯದಂತೆ ಹಳೇ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ ಇಡುತ್ತೇನೆ.

ಇಂತಿ,
ನಿನ್ನ ಮಾವ